ಹೊಂಗೆ ಹೂವಿಗೆ ಬಂದ ನೇರಳಕ್ಕಿಗಳು

ತೊರೆನಾಡು ಎಂಬ ರಾಜ್ಯದಲ್ಲಿ ಈರಬದ್ರ ಎಂಬ ಬುರುಡೆಗಾರನಿದ್ದ. ಬುರುಡೆ ಎಂದರೆ ಒಣಗಿದ ಸೋರೆಕಾಯಿ. ಅವನು ಸೋರೆ ಬೆಳೆಯುತ್ತಿದ್ದ, ಒಣಗಿಸುತ್ತಿದ್ದ, ತಿರುಳು ತೆಗೆದು ಹೊಟ್ಟೆಗೊಂದು ಕಿಂಡಿ ಕೊರೆಯುತ್ತಿದ್ದ. ತೊರೆಯ ದಂಡೆಯಲ್ಲಿ ಎತ್ತರದ ಬಿದಿರು ಗಳ ನೆಟ್ಟು ಬುರುಡೆಗಳನ್ನು ಅದಕ್ಕೆ ಕಟ್ಟಿ ತೂಗುಬಿಡುತ್ತಿದ್ದ. ಅವನ ಅಪ್ಪ ಮಾಡಿದ್ದೂ ಇದೇ. ಅಜ್ಜ ಮಾಡಿದ್ದೂ ಇದೇ.

ಯಾರಿಗೆ ಆ ಬುರುಡೆ? ನೇರಳಕ್ಕಿಗೆ.

ನೇರಳಕ್ಕಿ ಎಂದರೆ ನೇರಳೆ ಹಣ್ಣಿನ ಬಣ್ಣದ ಹಕ್ಕಿ. ಕವಲು ಬಾಲ, ಕತ್ತಿಯಂಥ ರೆಕ್ಕೆ. ಚಳಿಗಾಲ ಎಲ್ಲಿ ಕಳೆಯುತ್ತಿತ್ತೋ ದೇವರಿಗೇ ಗೊತ್ತು. ಚಳಿ ಬಿಟ್ಟು ಮುತ್ತುಗದ ಮರ ಕೆಂಪಾಗುವಾಗ ಬರುತ್ತಿತ್ತು. ಬುರುಡೆಯಲ್ಲಿ ಸಂಸಾರ ಹೂಡುತ್ತಿತ್ತು. ಹಾರುವ ಹುಳುವನ್ನು ಹಾರುತ್ತಲೇ ಹಿಡಿದು ತಿನ್ನುತ್ತಿತ್ತು. ಅದಿರುವ ಸೀಮೆಯಲ್ಲಿ ಪೈರಿಗೆ ಹುಳದ ಕಾಟವಿರಲಿಲ್ಲ. ಮಳೆ ಹಿಡಿದ ಮೇಲೆ ಮರಿಗಳನ್ನು ಕರೆದುಕೊಂಡು ಹೊರಟುಹೋಗುತ್ತಿತ್ತು.

ಈರಬದ್ರನಿಗೆ ಕೆಲಸ ಬರುತ್ತಿತ್ತು. ಕಾಯುವುದು ಬರುತ್ತಿರಲಿಲ್ಲ. ಅನ್ನ ಬೇಯುವ ಮೊದಲೇ ಮುಚ್ಚಳ ಎತ್ತುವ ಜಾತಿ. ಬೀಜ ಹಾಕಿದ ಮೂರನೇ ದಿನಕ್ಕೆ ಮಣ್ಣು ಕೆದಕಿ ನೋಡುವ ಜಾತಿ. "ಇರುವೆ ಬಿಟ್ಟುಕೊಂಡ ಹಾಗೆ ಆಡ್ತೀರಲ್ಲ, ಒಂದು ಗಳಿಗೆ ಕೂರಬಾರದಾ?" ಎಂದು ಹೆಂಡತಿ ಸಾಕವ್ವ ಬೈಯುತ್ತಿದ್ದಳು. ಅವನು ಕೂರುತ್ತಿದ್ದ. ಮತ್ತೆ ಏಳುತ್ತಿದ್ದ.

ಆ ನಾಡಿನ ದೊರೆ ಕೆಂಚರಾಯ. ದೊರೆಯ ಕೈಕೆಳಗೆ ಕೋನಪ್ಪಯ್ಯ ಎಂಬ ಪಾರುಪತ್ಯಗಾರ. ತೊರೆ, ದಂಡೆ, ತೋಪು ಎಲ್ಲ ಅವನ ಉಸ್ತುವಾರಿ. ಅವನಿಗೊಂದು ಆಸೆ ಹುಟ್ಟಿತು. ಬುರುಡೆ ತೂಗುವ ದಂಡೆಯಲ್ಲಿ ಗಾಳಿ ಸೊಗಸಾಗಿ ಬೀಸುತ್ತದೆ. ಆ ಗಳಗಳನ್ನು ಕಿತ್ತು ತನಗೊಂದು ಬೇಸಿಗೆ ಮನೆ ಕಟ್ಟಿಸಬೇಕು. ನೇರವಾಗಿ ಕೇಳಿದರೆ ದೊರೆ ಕೊಡುವುದಿಲ್ಲ. ದೊರೆಗೆ ಹಕ್ಕಿ ಎಂದರೆ ಪ್ರೀತಿ. ಹಾಗಾಗಿ ಕೋನಪ್ಪಯ್ಯ ಹಕ್ಕಿಯ ಕಡೆಯಿಂದಲೇ ಬಂದ.

"ಮಹಾಸ್ವಾಮಿ, ವರ್ಷವೂ ಆ ಬುರುಡೆಗಳಲ್ಲಿ ನೂರಾರು ಮರಿ ಆಗುತ್ತವಲ್ಲವೇ?"

"ಆಗುತ್ತವೆ."

"ಹೋದ ವರ್ಷದ ಮರಿ ಈ ವರ್ಷ ತಿರುಗಿ ಬಂದದ್ದನ್ನು ಯಾರಾದರೂ ಕಂಡಿದ್ದಾರಾ? ಮುತ್ತುಗ ಅರಳಿದಾಗ ಬರುವುದೆಲ್ಲ ಕಡು ನೇರಳೆ ಬಣ್ಣದ ಹಿರಿಯ ಹಕ್ಕಿ. ಮರಿಗಳೆಲ್ಲಿ?"

ದೊರೆ ಗಡ್ಡ ಕೆರೆದುಕೊಂಡ. "ಹೌದಲ್ಲ. ಎಲ್ಲಿ?"

"ಈರಬದ್ರನ ಸಾರಿನ ಗಡಿಗೆಯಲ್ಲಿ."

ದೊರೆಯ ಮುಖ ಕಪ್ಪಿಟ್ಟಿತು. ಈರಬದ್ರನಿಗೆ ಕರೆ ಹೋಯಿತು. ಅವನು ಕೈಗೆ ಅಂಟಿದ್ದ ಸೋರೆ ತಿರುಳನ್ನೂ ತೊಳೆಯದೆ ಓಡಿ ಬಂದು ನಿಂತ.

"ಏನೋ, ಮರಿ ತಿಂದೆಯಾ?"

"ಶಿವಶಿವಾ! ಇಲ್ಲ ಬುದ್ಧಿ. ಮರಿಗಳು ತಿರುಗಿ ಬರ್ತವೆ. ನಮ್ಮಪ್ಪ ಕಂಡಿದ್ದ."

"ನೀನು ಕಂಡಿದ್ದೀಯಾ?"

ಈರಬದ್ರ ಕಂಡಿರಲಿಲ್ಲ. ಮೊದಲ ಹಕ್ಕಿ ಬುರುಡೆಗೆ ಇಳಿದ ಕೂಡಲೇ ಅವನು ಬೇರೆ ಕೆಲಸಕ್ಕೆ ಓಡುವವನು. ಆಮೇಲೆ ಯಾವ ಹಕ್ಕಿ ಬಂತು, ಯಾವಾಗ ಬಂತು ಎಂದು ನಿಂತು ನೋಡಿದವನೇ ಅಲ್ಲ.

ಕೋನಪ್ಪಯ್ಯ ಮೀಸೆಯಲ್ಲೇ ನಕ್ಕ.

ದೊರೆ ಅಂದ, "ಕೇಳು. ಮಳೆ ಬೀಳುವ ಮೊದಲು ಮೂರು ಸಲ ನೀನು ನನ್ನನ್ನು ದಂಡೆಗೆ ಕರೆಯಬಹುದು. ಹೋದ ವರ್ಷದ ಮರಿ ಒಂದನ್ನು ತೋರಿಸು, ಸಾಕು. ಮೂರನೇ ಸಲವೂ ತಪ್ಪಿದರೆ ಗಳ ಕೀಳಿಸುತ್ತೇನೆ. ನೀನು ಹೆಂಡತಿಯನ್ನು ಕರೆದುಕೊಂಡು ಗಡಿ ದಾಟು."

"ಅಲ್ಲಿಯವರೆಗೆ ನನ್ನ ಆಳುಗಳು ದಂಡೆ ಕಾಯಲಿ ಮಹಾಸ್ವಾಮಿ," ಎಂದ ಕೋನಪ್ಪಯ್ಯ. "ಇವನು ಇನ್ನೊಂದು ಹಕ್ಕಿಯ ಮೇಲೆ ಕೈ ಹಾಕಬಾರದಲ್ಲ."

ದೊರೆ ಒಪ್ಪಿದ. ದಂಡೆಗೆ ಬೇಲಿ ಬಿತ್ತು. ಅಂದಿನಿಂದ ಈರಬದ್ರ ಬೇಲಿಯಾಚೆ. ಕೋನಪ್ಪಯ್ಯನ ಇಬ್ಬರು ಆಳು ಬೇಲಿಯೀಚೆ.

ಮನೆಗೆ ಬಂದು ಈರಬದ್ರ ತಲೆ ಮೇಲೆ ಕೈ ಹೊತ್ತು ಕೂತ. ಸಾಕವ್ವ ಅಂದಳು, "ಅಳೋದ್ಯಾಕೆ? ಮಾವನವರು ಹೇಳ್ತಿದ್ದ ಮಾತು ಮರೆತಿರಾ? ಮುತ್ತುಗಕ್ಕೆ ಯಜಮಾನ, ಬೇವಿಗೆ ಯಜಮಾನಿ, ಹೊಂಗೆಗೆ ಹುಡುಗು ಮುಂಡೇವು. ಮೊದಲು ಗಂಡು ಬರ್ತವೆ. ಬೇವು ಹೂ ಬಿಟ್ಟಾಗ ಹೆಣ್ಣು ಬರ್ತವೆ. ಹೊಂಗೆ ಹೂ ಬಿಟ್ಟು ನೆಲಕ್ಕೆ ಉದುರಿದ ಮೇಲೆ ಹೋದ ವರ್ಷದ ಮರಿ. ಮೂರು ಕರೆಯನ್ನೂ ಗಂಟು ಕಟ್ಟಿಟ್ಟುಕೊಂಡು ಹೊಂಗೆ ತನಕ ಸುಮ್ಮನಿರಿ."

"ಸುಮ್ಮನಿರ್ತೀನಿ," ಎಂದ ಈರಬದ್ರ.

ಇದ್ದನೇ? ಇಲ್ಲ.

ಮುತ್ತುಗ ಕೆಂಪಾಯಿತು. ನೇರಳಕ್ಕಿಗಳು ಬಂದವು. ಎಲ್ಲ ಗಂಡು. ಎಲ್ಲ ಕಡು ನೇರಳೆ. ಈರಬದ್ರ ಬೆಳಗಾದರೆ ಬೇಲಿಗೆ ಹೋಗುತ್ತಿದ್ದ. ಉಂಡು ಹೋಗುತ್ತಿದ್ದ, ಉಣ್ಣದೆಯೂ ಹೋಗುತ್ತಿದ್ದ. ಒಂದು ಮುಂಜಾನೆ ಮಂಜಿತ್ತು. ಗಳದ ತುದಿಯಲ್ಲಿ ಒಂದು ಹಕ್ಕಿ ಮುದುಡಿ ಕೂತಿತ್ತು. ಸಣ್ಣದಾಗಿ ಕಂಡಿತು. ಬೂದಿ ಬಣ್ಣದ ಹಾಗೆ ಕಂಡಿತು.

"ಬಂತು ಕಣೇ ಮರಿ!"

"ಮುತ್ತುಗ ಇನ್ನೂ ಉರೀತಾ ಇದೆ. ಎಲ್ಲಿಂದ ಬಂತು ಮರಿ? ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಅರಮನೆಗೆ ಓಡಿದ. ದೊರೆ ಪಲ್ಲಕ್ಕಿ ಏರಿ ಬಂದ. ಅಷ್ಟರಲ್ಲಿ ಬಿಸಿಲೇರಿತು, ಮಂಜು ಕರಗಿತು. ಹಕ್ಕಿ ಮೈ ಕೊಡವಿ ರೆಕ್ಕೆ ಬಿಚ್ಚಿತು. ಕತ್ತಿನಿಂದ ಬಾಲದವರೆಗೆ ನೇರಳೆ ಹಣ್ಣಿನ ಹಾಗೆ ಮಿರಮಿರ ಮಿಂಚಿತು.

"ಇದಾ ಮರಿ?" ಎಂದ ದೊರೆ.

"ಇದಕ್ಕೆ ಮೊಮ್ಮಕ್ಕಳಿರಬೇಕು ಮಹಾಸ್ವಾಮಿ," ಎಂದ ಕೋನಪ್ಪಯ್ಯ.

ಒಂದು ಕರೆ ಹೋಯಿತು.

ಬೇವು ಹೂ ಬಿಟ್ಟಿತು. ಯುಗಾದಿ ಬಂತು. ಈರಬದ್ರ ಬೇವುಬೆಲ್ಲ ಬಾಯಿಗಿಟ್ಟ. ಬೇವೊಂದೇ ನಾಲಿಗೆಗೆ ತಾಗಿತು. ಅಂದು ಮಧ್ಯಾಹ್ನ ಬೇಲಿಯ ಹತ್ತಿರ ಹೋದರೆ ಬುರುಡೆಯ ಕಿಂಡಿಯಲ್ಲಿ ಬೂದಿ ಬಣ್ಣದ ಎದೆ ಕಂಡಿತು. ಈ ಸಲ ಮಂಜಿಲ್ಲ. ಸುಡು ಬಿಸಿಲು. ಕಣ್ಣು ಉಜ್ಜಿ ನೋಡಿದ. ಬೂದಿಯೇ.

"ಈಗೇನಂತೀಯಾ? ಎದೆ ಬೂದಿ ಬಣ್ಣ. ನೇರಳೆ ಅಲ್ಲ!"

"ಬೇವಿಗೆ ಯಜಮಾನಿ," ಎಂದಳು ಸಾಕವ್ವ. "ಹೊಂಗೆ ಇನ್ನೂ ಮೊಗ್ಗು. ಹೋಗಬೇಡಿ. ಕೈ ಮುಗೀತೀನಿ."

ಅವನ ಕಾಲು ಆಗಲೇ ಹೊಸಿಲಾಚೆ ಇತ್ತು.

ದೊರೆ ಬಂದ. ಹಬ್ಬದ ಊಟ ಬಿಟ್ಟು ಬಂದಿದ್ದ. ಮೊದಲು ಕೇಳಿದ, "ಮರಿ ಅಂದರೆ ಇಷ್ಟು ದೊಡ್ಡದಾ?" ಅಷ್ಟರಲ್ಲಿ ಬೂದಿ ಎದೆಯ ಹಕ್ಕಿ ಕಡ್ಡಿ ಕಚ್ಚಿಕೊಂಡು ಬಂತು. ಹಿಂದೆಯೇ ಕಡು ನೇರಳೆಯ ಗಂಡು ಬಂದು ಅದರ ಪಕ್ಕಕ್ಕೆ ಅಂಟಿ ಕೂತಿತು. ಎರಡೂ ಒಟ್ಟಿಗೆ ಒಳಗೆ ನುಗ್ಗಿದವು.

"ಇದು ಮರಿಯಲ್ಲ ಕಣಯ್ಯ, ಅದರ ಹೆಂಡತಿ!" ಎಂದ ದೊರೆ. ಅವನ ದನಿಯಲ್ಲಿ ನಗು ಇರಲಿಲ್ಲ.

ಎರಡು ಕರೆ ಹೋಯಿತು.

ಉಳಿದದ್ದು ಒಂದು. ಕೋನಪ್ಪಯ್ಯ ಹೋಗುತ್ತಾ ಬೇಲಿಯ ಹತ್ತಿರ ನಿಂತು ಅಂದ, "ಏನೋ ಈರ, ಗಡಿಯಾಚೆ ನೆಂಟರಿದ್ದಾರೇನೋ? ಈಗಲೇ ಹೇಳಿ ಕಳಿಸು. ಅಕ್ಕಿ ತೊಳೆದಿಟ್ಟಿರಲಿ."

ಅವನಿಗೆ ಒಳಗೊಳಗೇ ಒಂದು ಅಂಜಿಕೆಯೂ ಇತ್ತು. ಮೂರನೇ ಸಲಕ್ಕೆ ಇವನು ನಿಜವಾಗಿ ಮರಿ ತೋರಿಸಿಬಿಟ್ಟರೆ? ದಂಡೆ ಕೈತಪ್ಪುತ್ತದೆ. ಮನೆಗೆ ಹೋಗಿ ತನ್ನ ಆಳುಗಳನ್ನು ಕರೆದು ಕಿವಿಯಲ್ಲಿ ಏನೋ ಹೇಳಿದ.

ಇತ್ತ ಈರಬದ್ರನಿಗೆ ಅನ್ನ ಸೇರಲಿಲ್ಲ. ಕೂತರೆ ಎದ್ದ, ಎದ್ದರೆ ನಡೆದ, ನಡೆದರೆ ಬೇಲಿಗೇ ಹೋಗಿ ನಿಂತ. ಈಗ ಎಣಿಸತೊಡಗಿದ. ಯಾವ ಬುರುಡೆಯಲ್ಲಿ ಯಾವ ಗಂಡು, ಯಾವ ಹೆಣ್ಣು ಎಂದು ಬಾಯಿಪಾಠ ಮಾಡಿದ. ಹಾಗೆ ಎಣಿಸುವಾಗ ಒಂದು ದಿನ ಲೆಕ್ಕ ತಪ್ಪಿತು. ಮತ್ತೆ ಎಣಿಸಿದ. ಮತ್ತೆ ತಪ್ಪಿತು. ತೆಂಕಣ ತುದಿಯ ಮೂರು ಬುರುಡೆಗಳಲ್ಲಿ ಹೆಣ್ಣು ಮಾತ್ರ ಇತ್ತು. ಗಂಡು ಇರಲಿಲ್ಲ. ಸಂಜೆಯಾದರೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮೂರು ಹೆಣ್ಣು ಹಕ್ಕಿ ಗಳದ ತುದಿಗೆ ಕೂತು ಆಕಾಶ ನೋಡುತ್ತಿದ್ದವು.

"ಹದ್ದು ಹೊಡೀತೋ ಏನೋ," ಎಂದಳು ಸಾಕವ್ವ.

"ಮೂರನ್ನೂ ಒಂದೇ ದಿನವಾ?" ಎಂದ ಈರಬದ್ರ. ಅವನಿಗೆ ತನ್ನ ಚಿಂತೆಯ ಮೇಲೆ ಆ ಚಿಂತೆಯೂ ಕೂತಿತು.

ಹೊಂಗೆ ಅರಳಿತು. ಮೂಡಣದಲ್ಲಿ ಮೋಡ ಕಟ್ಟತೊಡಗಿತು. ಕೋನಪ್ಪಯ್ಯನ ಆಳುಗಳು ಗಳ ಕಡಿಯಲು ಕೊಡಲಿ ಮಸೆದು ಈರಬದ್ರನಿಗೆ ಕಾಣುವ ಹಾಗೆ ಬೇಲಿಗೆ ಒರಗಿಸಿದರು. ಹೊಂಗೆ ಹೂ ಉದುರತೊಡಗಿತು. ಮರದ ಬುಡವೆಲ್ಲ ತಿಳಿ ನೇರಳೆಯಾಯಿತು.

ಆ ದಿನ ತೆಂಕಣ ತುದಿಯ ಗಳದ ಮೇಲೆ ಒಂದು ಹೊಸ ಹಕ್ಕಿ ಬಂದು ಕೂತಿತು. ಬೂದಿ ಎದೆ. ಆದರೆ ಕೊರಳ ಕೆಳಗೆ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆ. ಒಲೆಯ ಬೂದಿಯ ಮೇಲೆ ಹೊಂಗೆ ಹೂ ಬಿದ್ದ ಹಾಗೆ.

ಈರಬದ್ರನ ಕಾಲು ಅರಮನೆಯ ಕಡೆ ತಿರುಗಿತು. ಆದರೆ ಅವನಿಗೆ ತನ್ನ ಕಣ್ಣಿನ ಮೇಲೆಯೇ ನಂಬಿಕೆ ಹೋಗಿತ್ತು. ಬೇಲಿಯ ಕಂಬವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತ.

ಮಾರನೆಯ ದಿನ ಆ ಹಕ್ಕಿ ಹಾಡಲು ನೋಡಿತು. ಹಿರಿಯ ಗಂಡುಗಳ ಹಾಡು ತುಂಬಿದ ಕೊಡದಿಂದ ನೀರು ಸುರಿದ ಹಾಗೆ. ಇದರದ್ದು ಎರಡು ಸ್ವರ ಸರಿ, ಮೂರನೆಯದು ಕೀರಲು. ನಡುವೆ ಕಟ್ಟಾಗಿ ಮತ್ತೆ ಮೊದಲಿಂದ ಶುರು.

ಈರಬದ್ರ ಅಂದೂ ಓಡಲಿಲ್ಲ. ಕಂಬ ಹಿಡಿದೇ ನಿಂತ.

ಮೂರನೆಯ ದಿನ ಅಂಥವು ಏಳೆಂಟು ಬಂದವು. ಬುರುಡೆಗಳ ಹತ್ತಿರ ಸುಳಿದ ಕೂಡಲೇ ಹಿರಿಯ ಗಂಡುಗಳು ಎದ್ದು ಅಟ್ಟಿಸಿಕೊಂಡು ಹೋದವು. ಪಾಪ, ತೊರೆಯಾಚೆಯ ಮರಕ್ಕೆ ಹೋಗಿ ಕೂತವು. ಕಣ್ಣಿಗೆ ಎಟುಕದಷ್ಟು ದೂರ. ಮೂರು ಮಾತ್ರ ಉಳಿದವು. ಎಲ್ಲಿ? ಯಜಮಾನನಿಲ್ಲದ ಆ ಮೂರು ಬುರುಡೆಗಳ ಮೇಲೆ. ಅಲ್ಲಿ ಅಟ್ಟುವವರು ಯಾರೂ ಇರಲಿಲ್ಲ.

ಈಗ ಸಾಕವ್ವನೇ ಕುಣಿದಾಡಿದಳು. "ಹೋಗಿ ಅಂದ್ರೆ! ಹೋಗಬೇಡಿ ಅಂದಾಗೆಲ್ಲ ಓಡ್ತಿದ್ರಿ. ಈಗ ಕಾಲಿಗೆ ಮದರಂಗಿ ಹಚ್ಚಿದಾರಾ?"

"ತಡಿ. ಬುರುಡೆಯೊಳಕ್ಕೆ ಹೋಗಲಿ."

"ಮಳೆ ಬಂದ್ರೆ?"

"ತಡಿ."

ಮೂರು ಹಕ್ಕಿಗಳೂ ಬುರುಡೆಯೊಳಗೆ ಹೋಗಿ ಬಂದವು. ಹಸಿರೆಲೆ ಕಚ್ಚಿ ತಂದವು. ಆಗ ಈರಬದ್ರ ಮೈ ತೊಳೆದುಕೊಂಡ. ಪಂಚೆ ಬದಲಿಸಿದ. ನಿಧಾನವಾಗಿ ನಡೆದು ಅರಮನೆಗೆ ಹೋದ.

ದೊರೆ ಬಂದ. ಕೋನಪ್ಪಯ್ಯ ಬಂದ. ಮೋಡ ತಲೆಯ ಮೇಲೆ ಬಂದಿತ್ತು. ಆಳುಗಳು ಕೊಡಲಿ ಎತ್ತಿಕೊಂಡು ನಿಂತರು.

"ಎಲ್ಲೋ ಮರಿ?"

"ಅಗೋ ಬುದ್ಧಿ. ತೆಂಕಣ ತುದಿ."

"ಹೆಣ್ಣು!" ಎಂದು ಕೋನಪ್ಪಯ್ಯ ಕೂಗಿದ. "ಹೋದ ಸಲವೂ ಹೆಣ್ಣನ್ನೇ ತೋರಿಸಿದ. ಬೂದಿ ಎದೆ ನೋಡಿ ಮಹಾಸ್ವಾಮಿ. ಮರಿಯಾಗಿದ್ದರೆ ಸಣ್ಣದಿರಬೇಡವೇ?"

"ಅಯ್ನೋರೆ," ಎಂದ ಈರಬದ್ರ, "ಹೋದ ವರ್ಷ ನಿಮ್ಮ ಹಟ್ಟಿಯಲ್ಲಿ ಹುಟ್ಟಿದ ಕರು ಇನ್ನೂ ಕರುವೇ ಆಗಿದೆಯಾ? ಕೊಂಬು ಮೊಳೆತಿಲ್ಲವಾ? ಮರಿ ಮರಿ ಅಂತ ನಾವು ಕೂಗಿದ್ದೇ ತಪ್ಪು. ಊರೆಲ್ಲ ಸಣ್ಣದನ್ನೇ ಹುಡುಕಿತು. ಮೈ ಬಲಿತಿದೆ. ಬಣ್ಣ ಬಲಿತಿಲ್ಲ. ಅಷ್ಟೇ."

ಅಷ್ಟು ಹೊತ್ತಿಗೆ ಬುರುಡೆಯಿಂದ ಹೆಣ್ಣು ಹಕ್ಕಿ ಹೊರಗೆ ಬಂದು ಇದರ ಪಕ್ಕದಲ್ಲಿ ಕೂತಿತು. ದೊರೆ ಬೇಲಿ ದಾಟಿ ಗಳದ ಬುಡಕ್ಕೆ ಹೋಗಿ ಕತ್ತೆತ್ತಿದ. ಹೆಣ್ಣಿನ ಎದೆ ಒಂದೇ ಸಮ ಬೂದಿ. ಇದರ ಕೊರಳಲ್ಲಿ ಚುಕ್ಕೆ ಚುಕ್ಕೆ ನೇರಳೆ. ದೊರೆ ಅತ್ತ ನೋಡಿದ, ಇತ್ತ ನೋಡಿದ, ಮತ್ತೆ ಅತ್ತ ನೋಡಿದ. ಚುಕ್ಕೆಯ ಹಕ್ಕಿ ಎದೆಯುಬ್ಬಿಸಿ ಹಾಡಲು ಹೊರಟು ಮೂರನೇ ಸ್ವರಕ್ಕೆ ಕೀರಲು ದನಿ ತೆಗೆಯಿತು.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವನಿಗೆ ಈಗ ಮೀಸೆ ಚಿಗುರುತ್ತಿದೆ ಕಣೋ! ದನಿ ಒಡೆಯುತ್ತಿದೆ! ಇದು ಹೆಣ್ಣಲ್ಲ. ಹುಡುಗ!"

ಕೋನಪ್ಪಯ್ಯ ನೋಡಿದ. ದಂಡೆ ಕೈಬಿಡುತ್ತಿದೆ. ಹಿಂದೆ ತಿರುಗಿ ಆಳಿಗೆ ಸನ್ನೆ ಮಾಡಿದ. ಆಳು ಒಂದು ಕುಕ್ಕೆ ತಂದಿಟ್ಟ. ಕುಕ್ಕೆಯ ತುಂಬ ಗರಿ.

"ಮಹಾಸ್ವಾಮಿ, ಹುಡುಗನೋ ಹುಡುಗಿಯೋ, ಎಲ್ಲಿಂದಲೋ ಬಂದ ಪರದೇಶಿ ಹಕ್ಕಿ ಇದು. ಇಲ್ಲಿ ಹುಟ್ಟಿದ ಮರಿಗಳ ಗತಿ ಇದರಲ್ಲಿದೆ ನೋಡಿ. ಈರಬದ್ರನ ತಿಪ್ಪೆ ಕೆದಕಿಸಿದೆ. ಹೋದ ವರ್ಷ ತಿಂದ ಮರಿಗಳ ಗರಿ ಸಿಕ್ಕಿದವು."

ಸಾಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ದೊರೆಯ ನಗು ನಿಂತಿತು. ಕುಕ್ಕೆಗೆ ಕೈ ಹಾಕಿ ಹಿಡಿ ಗರಿ ಎತ್ತಿದ. ಗರಿಗಳು ಮಿರಮಿರ ಮಿಂಚಿದವು.

ಈರಬದ್ರನಿಗೆ ಒಳಗೆ ಉರಿ ಹತ್ತಿತು. ಕೂಗಬೇಕು ಎನ್ನಿಸಿತು. ಬೇಲಿಯ ಕಂಬ ಕೈಗೆ ಸಿಗಲಿಲ್ಲ. ತನ್ನ ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ. ಮೆಲ್ಲಗೆ ಕೇಳಿದ.

"ಅಯ್ನೋರೆ, ಇವು ಮರಿಗಳ ಗರಿಯಾ?"

"ಮರಿಗಳದ್ದೇ."

"ಖಂಡಿತವಾ?"

"ನನ್ನ ಕಣ್ಣಾಣೆ!"

"ಬುದ್ಧಿ," ಎಂದು ಈರಬದ್ರ ದೊರೆಯ ಕಡೆ ತಿರುಗಿದ, "ಒಂದು ವರ್ಷ ತುಂಬಿದ ಆ ಹುಡುಗನ ಮೈಮೇಲೆ ಎಷ್ಟು ನೇರಳೆ ಇದೆ, ಈಗ ತಾನೇ ನೋಡಿದಿರಿ. ನಾಲ್ಕು ಚುಕ್ಕೆ. ಅದಕ್ಕಿಂತ ಎಳೆ ಮರಿಗೆ ಆ ನಾಲ್ಕೂ ಇರಲ್ಲ. ಕುಕ್ಕೆ ತುಂಬ ನೇರಳೆ ಗರಿ ಯಾವ ಮರಿಯಿಂದ ಬಂತು?"

ದೊರೆ ಗರಿ ನೋಡಿದ. ಗಳದ ತುದಿ ನೋಡಿದ. ಕೋನಪ್ಪಯ್ಯನ ಮುಖ ನೋಡಿದ.

ಕೋನಪ್ಪಯ್ಯ ಈರಬದ್ರನ ಕಡೆ ಬೆರಳು ಚಾಚಿದ. "ಹಾಗಾದರೆ... ಹಾಗಾದರೆ ಇವನು ಇನ್ನೂ ದೊಡ್ಡ ಕಳ್ಳ! ಹಿರಿಯ ಹಕ್ಕಿಗಳನ್ನೇ ತಿಂದಿದ್ದಾನೆ! ಮೂರು ಹಕ್ಕಿ ತಿಂದು ತೇಗಿದ್ದಾನೆ ಮಹಾಸ್ವಾಮಿ!"

ಈರಬದ್ರ ಕುಕ್ಕೆಯ ಹತ್ತಿರ ಬಂದು ಬಗ್ಗಿ ನೋಡಿದ.

"ಮೂರು," ಎಂದ ಈರಬದ್ರ. "ಮೂರು ಗಂಡು ಕಾಣೆಯಾದದ್ದು ನನಗೆ ಗೊತ್ತು. ದಿನಾ ಎಣಿಸಿದವನು ನಾನು. ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ನಾನು ಬಾಯಿ ಬಿಟ್ಟಿಲ್ಲ. ಕುಕ್ಕೆಯಲ್ಲಿ ತಲೆಯಿಲ್ಲ, ಕಾಲಿಲ್ಲ, ಬರೀ ಗರಿ. ಮೂರೇ ಹಕ್ಕಿ ಅಂತ ನಿಮಗೆ ಹೇಗೆ ತಿಳೀತು ಅಯ್ನೋರೆ?"

ಕೋನಪ್ಪಯ್ಯ ಒಂದು ಹೆಜ್ಜೆ ಹಿಂದಕ್ಕಿಟ್ಟ. ಉತ್ತರ ಬಂದದ್ದು ಕುಕ್ಕೆ ತಂದಿಟ್ಟ ಆಳಿನಿಂದ. ಅವನು ಕೊಡಲಿ ಬಿಸಾಕಿ ದೊರೆಯ ಕಾಲಿಗೆ ಬಿದ್ದ.

"ತಪ್ಪಾಯ್ತು ಬುದ್ಧಿ! ಬಲೆ ಹಾಕಿದ್ದು ನಾನೇ. ಹಾಕಿಸಿದ್ದು ಇವರು. ಮೂರು ಸಾಕು, ಗರಿ ತೆಗೆದಿಡು ಅಂದ್ರು."

ದೊರೆ ಕೈಯಲ್ಲಿದ್ದ ಗರಿಗಳನ್ನು ಮೆಲ್ಲಗೆ ಕುಕ್ಕೆಗೆ ಇಟ್ಟ. ಆಮೇಲೆ ಈರಬದ್ರನನ್ನು ಕೇಳಿದ, "ಈ ಹುಡುಗರು ಆ ಮೂರು ಬುರುಡೆಗಳಲ್ಲೇ ಯಾಕೆ ಇಳಿದರು?"

"ಬೇರೆ ಕಡೆ ಹಿರಿಯರು ಅಟ್ಟಿಬಿಟ್ಟರು ಬುದ್ಧಿ. ಆ ಮೂರು ಮನೆಗೆ ಯಜಮಾನ ಇರಲಿಲ್ಲ. ಹೆಣ್ಣುಗಳು ಒಳಕ್ಕೆ ಬಿಟ್ಟುಕೊಂಡವು. ಬುರುಡೆಯಲ್ಲಿ ಹುಟ್ಟಿದವಕ್ಕೇ ಬುರುಡೆಯ ದಾರಿ ಗೊತ್ತು ಬುದ್ಧಿ."

"ಅಂದರೆ ಆ ಮೂರು ಗಂಡುಗಳು ಬದುಕಿದ್ದರೆ?"

"ಈ ಹುಡುಗರು ತೊರೆಯಾಚೆ ಇರ್ತಿದ್ದರು. ತಾವು ಕಾಣ್ತಿರಲಿಲ್ಲ. ನಾನು ಗಡಿಯಾಚೆ ಇರ್ತಿದ್ದೆ." ಈರಬದ್ರ ಕುಕ್ಕೆಯ ಕಡೆ ನೋಡಿದ. "ಆದ್ರೂ ಆ ಮೂರು ಬದುಕಬೇಕಿತ್ತು ಬುದ್ಧಿ."

ದೊರೆ ಕೋನಪ್ಪಯ್ಯನ ಕಡೆ ತಿರುಗಿದ. "ಕೇಳಿದೆಯಾ? ಇವನನ್ನು ಓಡಿಸಲು ನೀನು ಹಕ್ಕಿ ಕೊಂದೆ. ನೀನು ಖಾಲಿ ಮಾಡಿದ ಮನೆಗೇ ಸಾಕ್ಷಿ ಬಂದು ಕೂತಿತು. ಪಾರುಪತ್ಯ ಇಳಿಸಿಟ್ಟು ಹೋಗು. ಎಲ್ಲಿಗೂ ದೂರ ಹೋಗಬೇಡ. ಇಲ್ಲೇ ಈರಬದ್ರನ ಕೈಕೆಳಗೆ ಇರು. ಹಿರಿಯರು ಅಟ್ಟಿದ ಹುಡುಗರಿಗೆಲ್ಲ ತೊರೆಯಾಚೆ ನೂರು ಮನೆ ಆಗಬೇಕು. ಇಷ್ಟು ದಿನ ಬುರುಡೆ ಬಿಟ್ಟೆಯಲ್ಲ, ಇನ್ನು ಬುರುಡೆ ಕಟ್ಟು."

ಹಾಗೇ ಆಯಿತು. ಕೋನಪ್ಪಯ್ಯ ಸೋರೆ ಬಿತ್ತಿದ, ಒಣಗಿಸಿದ, ತಿರುಳು ಕೆರೆದ. ಅಂಗೈ ತುಂಬ ಬೊಕ್ಕೆ ಎದ್ದವು. ಹೊಂಗೆ ಹೂ ಉದುರಿದ ದಿನದಿಂದ ಗಳದ ಬುಡದಲ್ಲಿ ಕೂತು ಕತ್ತೆತ್ತಿ ಕಾಯುವುದೂ ಅವನ ಪಾಲಿಗೇ ಬಂತು. ಮೊದಲ ಚುಕ್ಕೆಯ ಹಕ್ಕಿ ಬಂದ ಸುದ್ದಿಯನ್ನು ದೊರೆಗೆ ಅವನೇ ಮುಟ್ಟಿಸಬೇಕಿತ್ತು. ಮೂರು ವರ್ಷ ಅವನು ಹೆಣ್ಣನ್ನು ಕಂಡು ಹುಡುಗ ಎಂದು ಓಡಿದ. ಮೂರು ವರ್ಷವೂ ಅರಮನೆಯ ಬಾಗಿಲಲ್ಲಿ ನಗೆಪಾಟಲಾಗಿ ಬಂದ. ನಾಲ್ಕನೆಯ ವರ್ಷ ಸರಿಯಾಗಿ ಗುರುತು ಹಿಡಿದ.

ಅದಕ್ಕೇ ತೊರೆನಾಡಿನಲ್ಲಿ ಈಗಲೂ ಹೇಳುತ್ತಾರೆ: ತಡವಾಗಿ ಬರುವವನನ್ನು ಬರಲೇ ಇಲ್ಲ ಎನ್ನಬೇಡ. ಮರಿ ಎಲ್ಲಿ ಎಂದು ಬೆರಳು ತೋರಿಸುವ ಮೊದಲು ಮರಿ ಹೇಗಿರುತ್ತದೆ ಎಂದು ತಿಳಿದುಕೊ. ತಿಳಿಯದವನ ಅವಸರಕ್ಕೆ ಕ್ಷಮೆ ಉಂಟು. ತಿಳಿದೂ ಹೇಳಿದ ಸುಳ್ಳಿಗೆ ಕೆಲಸ ಉಂಟು.